ಒಂಬತ್ತು ಪಾಯಿಂಟ್ ನಾಲ್ಕು

ಸುಳ್ಳು ಹೇಳುವವರಲ್ಲಿ ಎರಡು ಬಗೆ. ‘ಸುಮಾರು’ ಎಂದು ಹೇಳಿ ಜಾರಿಕೊಳ್ಳುವವರು ಒಂದು ಬಗೆ. ಪಾಯಿಂಟ್ ಹಚ್ಚಿ, ಅದರ ಮುಂದೆ ನಾಲ್ಕು ಅಂಕಿ ಜೋಡಿಸಿ, ಕೇಳುವವರ ಬಾಯಿ ಮುಚ್ಚಿಸುವವರು ಇನ್ನೊಂದು ಬಗೆ. ಮೊದಲನೆಯವರು ಬೇಗ ಸಿಕ್ಕಿಬೀಳುತ್ತಾರೆ. ಎರಡನೆಯವರಿಗೆ ಮರ್ಯಾದೆ ಜಾಸ್ತಿ. ನಮ್ಮ ಕಡೆಯ ಲಗ್ನಪತ್ರಿಕೆಗಳನ್ನೇ ನೋಡಿ. ‘ಮಧ್ಯಾಹ್ನ 12 ಗಂಟೆ 38 ನಿಮಿಷಕ್ಕೆ’ ಎಂದು ಬಂಗಾರದ ಬಣ್ಣದಲ್ಲಿ ಅಚ್ಚು ಹಾಕಿಸಿರುತ್ತಾರೆ. ಓದಿದವನಿಗೆ, ಮೂವತ್ತೊಂಬತ್ತಾದರೆ ಮದುವೆಯೇ ಮುರಿದುಬೀಳುತ್ತದೇನೋ ಎಂದು ಎದೆ ಹೊಡೆದುಕೊಳ್ಳಬೇಕು. ಆದರೆ ಹನ್ನೆರಡು ಮೂವತ್ತೆಂಟಕ್ಕೆ ಮದುಮಗ ಇನ್ನೂ ಪೆಟ್ರೋಲ್ ಬಂಕಿನ ಮುಂದೆ ಕುದುರೆಯ ಮೇಲೆ ಕೂತು ಬೆವರುತ್ತಿರುತ್ತಾನೆ, ಅವನ ಗೆಳೆಯರು ಬ್ಯಾಂಡಿನವರನ್ನು ಮುಂದಕ್ಕೆ ಹೋಗಲು ಬಿಡುತ್ತಿರುವುದಿಲ್ಲ. ಮದುಮಕ್ಕಳ ತಲೆಯ ಮೇಲೆ ಅಕ್ಕಿಕಾಳು ಬೀಳುವುದು ಎರಡೂವರೆಗೆ. ಆದರೂ ಪತ್ರಿಕೆ ಸುಳ್ಳು ಹೇಳಿತು ಎಂದು ಯಾರೂ ಅನ್ನುವುದಿಲ್ಲ. ಆ ಮೂವತ್ತೆಂಟಕ್ಕೆ ಅಷ್ಟು ಶಕ್ತಿ. ನಾನು ಈ ಎರಡನೆಯ ಬಗೆಯ ಸುಳ್ಳುಗಾರ. ಇದನ್ನು ಒಪ್ಪಿಕೊಳ್ಳಲು ನನಗೆ ಅರವತ್ತಮೂರು ವರ್ಷ ಬೇಕಾಯಿತು. ಮೇಲಿನ ತಿಂಗಳು, ದಿನ ಬೇಕಿದ್ದರೆ ಅವನ್ನೂ ಕೊಡಬಲ್ಲೆ.

ತಮಾಷೆಯೆಂದರೆ, ಇಂಥ ಸುಳ್ಳು ಹೇಳಬಾರದು ಎಂದು ಪಾಠ ಮಾಡಿಯೇ ನಾನು ಹೊಟ್ಟೆ ಹೊರೆದದ್ದು. ಕಮಲಾಪುರದ ಒಂದು ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರದ ಉಪನ್ಯಾಸಕನಾಗಿದ್ದೆ. ಮನೆ ಇದ್ದದ್ದು, ಈಗಲೂ ಇರುವುದು, ಕಲಬುರಗಿಯ ಐವಾನ್-ಎ-ಶಾಹಿ ಬಡಾವಣೆಯಲ್ಲಿ. ದಿನಾ ಬೆಳಿಗ್ಗೆ ಬಸ್ಸು ಹತ್ತಿ ಹೋಗಿ ಸಂಜೆ ಬಸ್ಸು ಹತ್ತಿ ಬರುವುದು. ಪ್ರತಿ ವರ್ಷ ಮೊದಲ ಪಾಠ ಸಿಗ್ನಿಫಿಕೆಂಟ್ ಫಿಗರ್ಸ್, ಅಂದರೆ ಸಾರ್ಥಕ ಅಂಕಿಗಳು. ಮಕ್ಕಳಿಗೆ ನಾನು ಹೇಳುತ್ತಿದ್ದದ್ದು ಇಷ್ಟೇ: ಅಳತೆಪಟ್ಟಿ ತೋರಿಸಿದ ಅಂಕಿ ಖರೆ, ಎರಡು ಗೆರೆಗಳ ನಡುವೆ ಕಣ್ಣಂದಾಜಿನಲ್ಲಿ ಹೇಳಿದ ಕೊನೆಯ ಒಂದು ಅಂಕಿಯನ್ನೂ ಒಪ್ಪೋಣ, ಅದರ ಮುಂದಿನದೆಲ್ಲ ಕ್ಯಾಲ್ಕುಲೇಟರಿನ ಹರಟೆ. ಎರಡು ಅಳತೆಗಳನ್ನು ಗುಣಿಸಿದಾಗ, ಯಾವುದರಲ್ಲಿ ಖಾತ್ರಿಯ ಅಂಕಿ ಕಡಿಮೆಯೋ ಉತ್ತರದಲ್ಲೂ ಅಷ್ಟೇ ಅಂಕಿ ಇರಬೇಕು. ಸಂತೆಗೆ ಹೊರಟ ಮಂದಿಯಲ್ಲಿ ಅಜ್ಜಿಯೊಬ್ಬಳಿದ್ದರೆ ಎಲ್ಲರೂ ಅಜ್ಜಿಯ ಜೊತೆಗೇ ಸಂತೆ ಮುಟ್ಟುವುದು, ಹಾಗೆ. ಈ ಅಜ್ಜಿಯ ಮಾತು ನನ್ನ ಸ್ವಂತದ್ದು. ಪ್ರತಿ ವರ್ಷ ಹೇಳುತ್ತಿದ್ದೆ, ಪ್ರತಿ ವರ್ಷ ಹಿಂದಿನ ಬೆಂಚಿನವರು ನಗುತ್ತಿದ್ದರು, ಪ್ರತಿ ವರ್ಷ ನಾನು ಮಹಾ ಮೇಧಾವಿಯೆಂದು ಭಾವಿಸಿಕೊಂಡು ಮೀಸೆ ತೀಡುತ್ತಿದ್ದೆ.

ಈಗ ನಿವೃತ್ತಿಯಾಗಿದೆ. ಮೀಸೆ ಬೆಳ್ಳಗಾಗಿದೆ, ಜೊತೆಗೆ ಸಕ್ಕರೆ ಕಾಯಿಲೆ ಬಂದಿದೆ. ಬೆರಳು ಚುಚ್ಚಿ ರಕ್ತದ ಸಕ್ಕರೆ ನೋಡುವ ಪುಟ್ಟ ಯಂತ್ರವೊಂದು ಮನೆಗೆ ಬಂತು. ‘ವಾರಕ್ಕೆ ಎರಡು ಸಲ ನೋಡಿ ಬರೆದಿಟ್ಟರೆ ಸಾಕು’ ಎಂದರು ಡಾಕ್ಟರು. ಭೌತಶಾಸ್ತ್ರದವನಿಗೆ ಹಾಗೆ ಹೇಳಬಾರದಿತ್ತು. ನಾನು ದಿನಾ ನೋಡತೊಡಗಿದೆ. ದಪ್ಪ ರಟ್ಟಿನ ಡೈರಿ ತಂದು ಗೆರೆ ಹೊಡೆದೆ. ದಿನಾಂಕ, ವೇಳೆ, ಅಳತೆ, ಷರಾ. ಪ್ರತಿ ರವಿವಾರ ಏಳು ದಿನದ ಸರಾಸರಿ ತೆಗೆದು ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದೆ. ಒಂದು ವಾರದ್ದು ನೆನಪಿದೆ: 148.285714. ಆ ಆರು ದಶಾಂಶ ನೋಡುವಾಗ ನನ್ನ ಕಾಯಿಲೆಯ ಬಗ್ಗೆ ನನಗೇ ಒಂದು ಬಗೆಯ ಅಭಿಮಾನ ಹುಟ್ಟುತ್ತಿತ್ತು.

ನನ್ನ ಹೆಂಡತಿ ಕಲಾವತಿ ಭೌತಶಾಸ್ತ್ರ ಓದಿದವಳಲ್ಲ, ಆದ್ದರಿಂದ ಅವಳಿಗೆ ಅನುಮಾನಗಳು ಸಹಜವಾಗಿ ಬರುತ್ತವೆ. ಒಂದು ದಿನ ನಾನು ಎಡಗೈ ಚುಚ್ಚಿಕೊಂಡು 139 ಎಂದು ಬರೆಯುವಾಗ, “ಬಲಗೈದೂ ನೋಡ್ರಿ” ಎಂದಳು. ನೋಡಿದೆ. 152. “ಅಂದ್ರ ಎಡಗಡೆ ನೀವು ಆರಾಮ ಇದ್ದೀರಿ, ಬಲಗಡೆ ಇಲ್ಲ” ಎಂದು ಹೇಳಿ ರೊಟ್ಟಿ ಬಡಿಯಲು ಹೋದಳು. ಎರಡು ಬೆರಳಿನ ನಡುವೆಯೇ ಹದಿಮೂರರ ವ್ಯತ್ಯಾಸ ತೋರಿಸುವ ಯಂತ್ರ ಹಿಡಿದು ನಾನು ಆರನೆಯ ದಶಾಂಶಕ್ಕೆ ಹೋಗಿದ್ದೆ. ಇದನ್ನು ನನ್ನ ವಿದ್ಯಾರ್ಥಿ ಮಾಡಿದ್ದರೆ ಕಿವಿ ಹಿಂಡುತ್ತಿದ್ದೆ. ನಾನು ಮಾಡಿದ್ದರಿಂದ ಒಂದು ಪಾಠ ಕಲಿತೆ: ಇನ್ನು ಮುಂದೆ ಎಡಗೈ ಮಾತ್ರ ಚುಚ್ಚಬೇಕು.

ಈ ಡೈರಿಯ ಹಿಂದೆ ಇನ್ನೊಂದು ಗುಟ್ಟಿತ್ತು. ಕಮಲಾಪುರದ ಕೆಂಪು ಬಾಳೆಹಣ್ಣು ತಿಂದವರಿಗೆ ಅದನ್ನು ಬಿಡುವ ಕಷ್ಟ ಗೊತ್ತು. ಸಿಪ್ಪೆ ಕೆಂಪು, ಒಳಗೆ ಬೆಣ್ಣೆ, ಗಾತ್ರದಲ್ಲಿ ಒಂದು ಹಣ್ಣೆಂದರೆ ಮಾಮೂಲಿ ಎರಡು ಹಣ್ಣು. ಹಳೆಯ ಸಹೋದ್ಯೋಗಿಗಳನ್ನು ಮಾತಾಡಿಸುವ ನೆಪದಲ್ಲಿ ವಾರಕ್ಕೊಮ್ಮೆ ಕಮಲಾಪುರಕ್ಕೆ ಹೋಗುತ್ತೇನೆ. ಸಹೋದ್ಯೋಗಿಗಳು ಸಿಗುವುದು ಅಪರೂಪ, ಹಣ್ಣು ತಪ್ಪದೆ ಸಿಗುತ್ತದೆ. ಮರುದಿನ ಯಂತ್ರ ಇನ್ನೂರ ಹತ್ತು ತೋರಿಸುತ್ತದೆ. ಡೈರಿಯಲ್ಲಿ ಇನ್ನೂರ ಹತ್ತು ಬರೆದರೆ ಸರಾಸರಿ ಕೆಡುತ್ತದೆ, ಡಾಕ್ಟರು ಬೈಯುತ್ತಾರೆ, ಕಲಾವತಿ ಕಮಲಾಪುರವನ್ನೇ ಬಂದ್ ಮಾಡಿಸುತ್ತಾಳೆ. ಹಾಗಾಗಿ ಮೊದಲು ಸರಾಸರಿ ಎಷ್ಟಿರಬೇಕೆಂದು ಗೊತ್ತುಮಾಡಿಕೊಂಡು, ಆ ದಿನದ ಅಳತೆಯನ್ನು ಹಿಂದಿನಿಂದ ಲೆಕ್ಕ ಹಾಕಿ ತುಂಬುತ್ತಿದ್ದೆ. ಪ್ರಯೋಗಾಲಯ ಕಂಡವರಿಗೆ ಈ ವಿದ್ಯೆ ಹೊಸದಲ್ಲ. ಉತ್ತರ ಮೊದಲು, ಅಳತೆ ಆಮೇಲೆ.

ಡೈರಿ ನೋಡಿದ ಡಾಕ್ಟರು ತಲೆದೂಗಿದರು. ಆಮೇಲೆ ನನ್ನ ಕಾಲು ಒತ್ತಿ ನೋಡಿ, ಜೋಮು ಹಿಡಿಯುತ್ತದೆಯೇ ಎಂದು ಕೇಳಿ, ಮುಖ ಸಣ್ಣದು ಮಾಡಿಕೊಂಡರು. “ಡೈರಿ ಭಾಳ ಚಂದ ಅದ ರೀ ಸರ. ಆದರ ಕಾಲು ಬ್ಯಾರೆ ಹೇಳ್ಲಾಕತ್ತದ. ಮೂರು ತಿಂಗಳ ಸಕ್ಕರಿ ಟೆಸ್ಟ್ ಮಾಡಿಸ್ರಿ. ಏಳರ ಒಳಗಿದ್ರ ಇದೇ ಗುಳಿಗಿ ಸಾಕು. ಇಲ್ಲಂದ್ರ ಇನ್ಸುಲಿನ್ ಸುರು ಮಾಡೋಣು” ಎಂದು ಚೀಟಿ ಬರೆದರು. ಈ ಪರೀಕ್ಷೆಯ ಕೆಟ್ಟತನವೆಂದರೆ, ಹಿಂದಿನ ದಿನ ಉಪವಾಸವಿದ್ದು ಮೋಸ ಮಾಡಲು ಬರುವುದಿಲ್ಲ. ಮೂರು ತಿಂಗಳು ತಿಂದದ್ದನ್ನೆಲ್ಲ ರಕ್ತ ಒಂದೇ ಅಂಕಿಯಲ್ಲಿ ಹೇಳಿಬಿಡುತ್ತದೆ.

ಸೇಡಂ ರಸ್ತೆಯ ಒಂದು ಲ್ಯಾಬಿಗೆ ಡೈರಿಯನ್ನೂ ಕಂಕುಳಲ್ಲಿ ಇಟ್ಟುಕೊಂಡು ಹೋದೆ. ಅಲ್ಲಿ ಬಿಳಿ ಕೋಟಿನ ಹೆಣ್ಣುಮಗಳೊಬ್ಬಳು ನನ್ನ ತೋಳಿಗೆ ಪಟ್ಟಿ ಬಿಗಿಯುತ್ತಿದ್ದವಳು ಮುಖ ನೋಡಿ ಕೈ ನಿಲ್ಲಿಸಿದಳು. “ಸರ, ನೀವಾ? ನಾನ್ರಿ, ಸುಜಾತಾ. ಕಮಲಾಪುರ. ಗೌಂಡಿ ಶರಣಪ್ಪನ ಮಗಳು.” ನನಗೆ ತಕ್ಷಣ ಗುರುತು ಸಿಕ್ಕಿತು. ಗುರುತು ಸಿಗದಿದ್ದರೆ ಚೆನ್ನಾಗಿತ್ತು ಎಂದೂ ಅನಿಸಿತು. ಸೂಜಿ ಚುಚ್ಚಿದ್ದು ಗೊತ್ತೇ ಆಗಲಿಲ್ಲ, ಅಷ್ಟು ಹದವಾದ ಕೈ. ರಕ್ತ ತೆಗೆದು, ಹತ್ತಿ ಒತ್ತಿ, ಮೇಜಿನ ಮೇಲಿದ್ದ ಡೈರಿಯನ್ನು ಕುತೂಹಲದಿಂದ ತೆರೆದಳು. ಕೆಂಪು ಶಾಯಿಯ ಮೇಲೆ ಬೆರಳು ಇಟ್ಟು ಮೆಲ್ಲಗೆ ಕೇಳಿದಳು: “ಸರ, ಈ ಒಂಬತ್ತು ಅಂಕಿಯೊಳಗ ನಿಮಗ ಖರೇ ಗೊತ್ತಿರೋವು ಎಷ್ಟು ರೀ?”

ಪ್ರಶ್ನೆ ಸರಳವಾಗಿತ್ತು. ನಾನೇ ಕಲಿಸಿದ್ದು. ನಾನು ಹತ್ತಿ ಒತ್ತಿಕೊಂಡು, ರಿಪೋರ್ಟ್ ಎಷ್ಟು ಹೊತ್ತಿಗೆ ಬರುತ್ತದೆ ಎಂದು ಕೇಳಿದೆ. “ಎರಡು ತಾಸು ಕೂಡ್ರಿ ಸರ” ಎಂದಳು. ಹೊರಗಿನ ಬೆಂಚಿನ ಮೇಲೆ ಕೂತೆ. ಎರಡು ತಾಸು ಎಂದರೆ ಹಳೆಯದೆಲ್ಲ ನೆನಪಾಗಲು ಬೇಕಾದಷ್ಟಾಯಿತು.

ಸುಜಾತಾ ಪ್ರಥಮ ಪಿಯುಸಿಯಲ್ಲಿದ್ದಾಗಿನ ಮಾತು, ಹದಿನೈದಿಪ್ಪತ್ತು ವರ್ಷವಾಯಿತು. ಮೊದಲ ದಿನ ಮೇಜಿನ ಉದ್ದ ಅಳೆಯಲು ಹಚ್ಚಿದ್ದೆ. ನಮ್ಮ ಪ್ರಯೋಗಾಲಯದ ಮರದ ಸ್ಕೇಲುಗಳ ತುದಿಗಳು ಸವೆದು ಹೋಗಿದ್ದವು. ಸೊನ್ನೆಯ ಗೆರೆ ಎಲ್ಲಿತ್ತೆಂದು ಯಾರಿಗೂ ಗೊತ್ತಿರಲಿಲ್ಲ. ಎಲ್ಲರೂ ಸವೆದ ತುದಿಯನ್ನೇ ಹಚ್ಚಿ ಅಳೆದರು. ಈ ಹುಡುಗಿ ಮಾತ್ರ ಹತ್ತರ ಗೆರೆಯಿಂದ ಹಿಡಿದು, ಬಂದದ್ದರಲ್ಲಿ ಹತ್ತು ಕಳೆದು ಬರೆದಳು. “ಯಾರು ಕಲಿಸಿದರು?” ಎಂದೆ. “ನಮ್ಮಪ್ಪ ರೀ ಸರ. ಟೇಪಿನ ಮೂತಿ ಸವದಿದ್ರ ಹಂಗೇ ಹಿಡೀತಾನ. ಟೇಪಿನಾಗ ಕಾಣದ್ದು ಬಾಯಾಗ ಬರಬಾರ್ದು ಅಂತಾನ” ಎಂದಳು. ನನ್ನ ಇಡೀ ಅಧ್ಯಾಯ, ಅಜ್ಜಿಯನ್ನೂ ಸೇರಿಸಿ, ಗೋಡೆ ಕಟ್ಟುವ ಆ ಗೌಂಡಿಯ ಒಂದು ಮಾತಿನಲ್ಲಿತ್ತು. ಅವತ್ತು ಅವಳನ್ನು ಕ್ಲಾಸಿನ ಮುಂದೆ ನಿಲ್ಲಿಸಿ ಹೊಗಳಿದೆ. ಹೊಗಳಿದ್ದಕ್ಕೆ ಈಗ ಇನ್ನಷ್ಟು ನಾಚಿಕೆ.

ಆಮೇಲೆ ಬಂತು ಲೋಲಕದ ಪ್ರಯೋಗ. ದಾರಕ್ಕೆ ಗುಂಡು ಕಟ್ಟಿ ತೂಗಿಬಿಡುವುದು, ಇಪ್ಪತ್ತು ಸಲ ಆಚೆ-ಈಚೆ ಹೋಗಿಬರಲು ಎಷ್ಟು ಸೆಕೆಂಡು ಬೇಕೆಂದು ನೋಡುವುದು, ಅದರಿಂದ ಭೂಮಿ ವಸ್ತುಗಳನ್ನು ಎಳೆಯುವ ವೇಗೋತ್ಕರ್ಷ ಲೆಕ್ಕ ಹಾಕುವುದು. ಉತ್ತರ 9.8 ಎಂದು ಪುಸ್ತಕದಲ್ಲೇ ಇರುತ್ತದೆ. ನಮ್ಮಲ್ಲಿದ್ದ ಸ್ಟಾಪ್‌ವಾಚುಗಳಲ್ಲಿ ಎರಡೋ ಮೂರೋ ನಡೆಯುತ್ತಿದ್ದವು, ಮಿಕ್ಕವು ನಿಂತೇ ವರ್ಷಗಳಾಗಿದ್ದವು. ನಿಂತ ಗಡಿಯಾರ ಹಿಡಿದವರಿಗೂ 9.81 ಬರುತ್ತಿತ್ತು ಎಂದರೆ ಮಕ್ಕಳ ಜಾಣತನ ಅರ್ಥವಾಗಬೇಕು. ಒಬ್ಬನಿಗಂತೂ 9.8003 ಬಂದಿತ್ತು. ನಾನು ಎಲ್ಲಕ್ಕೂ ಸಹಿ ಹಾಕುತ್ತಿದ್ದೆ. ನಮ್ಮ ಪ್ರಯೋಗಾಲಯದ ರೆಕಾರ್ಡ್ ಪುಸ್ತಕಗಳನ್ನು ನೋಡಿ ಹೊರಗಿನಿಂದ ಬಂದ ಪರೀಕ್ಷಕರೊಬ್ಬರು ‘ಏನ್ ಶಿಸ್ತು ರೀ!’ ಎಂದಿದ್ದರು. ಆ ಮಾತನ್ನು ನಾನು ಮನೆಯಲ್ಲಿ ನಾಲ್ಕು ಸಲ ಹೇಳಿದ್ದೆ.

ಸುಜಾತಾ ತನ್ನ ಅಪ್ಪನ ಕೈಗಡಿಯಾರ ತಂದಿದ್ದಳು. ಅದರ ಸೆಕೆಂಡಿನ ಮುಳ್ಳು ಟಕ್ ಟಕ್ ಎಂದು ಒಂದೊಂದೇ ಸೆಕೆಂಡು ಜಿಗಿಯುತ್ತಿತ್ತು. ಒಂದು ಮೀಟರ್ ದಾರ, ಇಪ್ಪತ್ತು ತೂಗಾಟಕ್ಕೆ 41 ಸೆಕೆಂಡು. ಉತ್ತರ 9.4. ಕೆಳಗೆ ದುಂಡನೆಯ ಅಕ್ಷರದಲ್ಲಿ ಬರೆದಿದ್ದಳು: ‘ಗಡಿಯಾರ ಒಂದು ಸೆಕೆಂಡಿನವರೆಗೆ ಮಾತ್ರ ತೋರಿಸುತ್ತದೆ. ಆದ್ದರಿಂದ ಉತ್ತರದಲ್ಲಿ ಎರಡೇ ಅಂಕಿ.’ ನಾನು ಅದರ ಮೇಲೆ ಕೆಂಪು ಶಾಯಿಯಲ್ಲಿ ಗೀಟು ಎಳೆದು ‘ಮತ್ತೆ ಮಾಡು’ ಎಂದು ಬರೆದೆ. ಮತ್ತೆ ಮಾಡಿದಳು. ಈ ಸಲ 40 ಸೆಕೆಂಡು, ಉತ್ತರ 9.9. ಮತ್ತೆ ಮಾಡು ಎಂದೆ. ಪುನಃ 9.4 ಬಂತು.

ಅಷ್ಟರಲ್ಲಿ ಸಂಜೆಯಾಗಿತ್ತು. ಐದು ಹತ್ತರ ಬಸ್ಸು ತಪ್ಪಿದರೆ ಕಲಬುರಗಿಗೆ ನಿಂತುಕೊಂಡೇ ಹೋಗಬೇಕು. ಮರುದಿನವೇ ರೆಕಾರ್ಡುಗಳನ್ನು ಪೂರ್ತಿಮಾಡಿ ಕೊಡಬೇಕಿತ್ತು. “ಎಷ್ಟು ಬರಬೇಕು ಅಂತ ಗೊತ್ತಿಲ್ಲೇನು ನಿನಗ?” ಎಂದು ರೇಗಿದೆ.

“ಗೊತ್ತದ ರೀ ಸರ. ಒಂಬತ್ತು ಪಾಯಿಂಟ್ ಎಂಟು.”

“ಮತ್ತ?”

“ಗೊತ್ತಿದ್ದದ್ದೇ ಬರಿಯೋದಾದ್ರ ಗುಂಡು ಯಾಕ ಕಟ್ಟಬೇಕ್ರಿ ಸರ?”

ಇದನ್ನು ಅವಳು ಸೊಕ್ಕಿನಿಂದ ಹೇಳಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳಿದಳು. ಅವತ್ತು ನಾನು ಕೂತು ಉತ್ತರ ಹೇಳಬೇಕಿತ್ತು. ಬದಲಿಗೆ, “ಭಾಳ ಮಾತಾಡಬ್ಯಾಡ. ಎಲ್ಲಾರೂ ಬರದಾರ, ನೀನೂ ಬರಿ. ಒಂಬತ್ತು ಪಾಯಿಂಟ್ ಎಂಟು ಒಂದು. ಹೊಸಾ ಹಾಳ್ಯಾಗ ಬರದು ನಾಳಿ ಮುಂಜಾನಿ ಟೇಬಲ್ ಮ್ಯಾಲ ಇಡು” ಎಂದು ಚೀಲ ಹೆಗಲಿಗೇರಿಸಿ ಹೊರಟೆ. ಬಸ್ಸು ಅವತ್ತು ಮುಕ್ಕಾಲು ತಾಸು ತಡ. ಸ್ಟ್ಯಾಂಡಿನಲ್ಲಿ ನಿಂತು ಎರಡು ಕೆಂಪು ಬಾಳೆಹಣ್ಣು ತಿಂದೆ. ಸಿಪ್ಪೆ ಎಸೆಯುವಾಗ ನೋಡಿದರೆ, ಸುಜಾತಾ ರೆಕಾರ್ಡ್ ಪುಸ್ತಕ ಎದೆಗವಚಿಕೊಂಡು ರಸ್ತೆಯ ಆ ಬದಿಯಲ್ಲಿ ಮನೆಗೆ ಹೋಗುತ್ತಿದ್ದಳು. ನನ್ನ ಕಡೆ ನೋಡಲಿಲ್ಲ. ಮರುದಿನ ನನ್ನ ಮೇಜಿನ ಮೇಲೆ 9.81 ಇತ್ತು. ನಾನು ‘ಗುಡ್’ ಎಂದು ಬರೆದು ಸಹಿ ಹಾಕಿದೆ. ಅಲ್ಲಿಂದ ಮುಂದೆ ಆ ಹುಡುಗಿ ವರ್ಷವಿಡೀ ಕ್ಲಾಸಿನಲ್ಲಿ ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಅವಳ ಎಲ್ಲ ಪ್ರಯೋಗಗಳ ಉತ್ತರಗಳೂ ಸರಿಯಾಗಿ ಬರತೊಡಗಿದವು.

ಲ್ಯಾಬಿನ ಬೆಂಚಿನ ಮೇಲೆ ಕೂತು, ಕೈಯಲ್ಲಿದ್ದ ರಸೀದಿಯ ಹಿಂಬದಿಯಲ್ಲಿ ನಾನು ಆ ಹಳೆಯ ಲೆಕ್ಕ ಮಾಡಿದೆ. ಇಷ್ಟು ವರ್ಷ ಯಾಕೆ ಮಾಡಿರಲಿಲ್ಲವೋ, ದೇವರಿಗೇ ಗೊತ್ತು. ನಲವತ್ತೊಂದು ಸೆಕೆಂಡಿನಲ್ಲಿ ಒಂದು ಸೆಕೆಂಡಿನ ಅನುಮಾನವಿದ್ದರೆ, ಲೆಕ್ಕದಲ್ಲಿ ವೇಳೆಯ ವರ್ಗ ಬರುವುದರಿಂದ ಉತ್ತರದಲ್ಲಿ ಆ ಪಾಲು ಇಮ್ಮಡಿಯಾಗುತ್ತದೆ; ಅಂದರೆ 9.4ರಿಂದ ಹೆಚ್ಚುಕಡಿಮೆ 0.5ರಷ್ಟು ಆಚೆ-ಈಚೆ. ಸುಮಾರು 8.9ರಿಂದ 9.9ರವರೆಗೆ ಎಲ್ಲಿಯಾದರೂ ಇರಬಹುದು. ಪುಸ್ತಕದ 9.8 ಅದರೊಳಗೇ ಇದೆ! ಎರಡನೆಯ ಸಲ ಬಂದ 9.9 ಕೂಡ ಅದರೊಳಗೇ ಇದೆ. ಅವಳ ಉತ್ತರ ತಪ್ಪಾಗಿರಲೇ ಇಲ್ಲ. ಅಂಥ ಗಡಿಯಾರದಿಂದ ಯಾರಿಗೇ ಆಗಲಿ ಬರಬಹುದಾದ ಖರೆ ಉತ್ತರ ಅಂಥದ್ದೇ. ಇಡೀ ಕ್ಲಾಸಿನಲ್ಲಿ ನನ್ನ ಪಾಠ ಅರ್ಥವಾಗಿದ್ದ ಒಬ್ಬಳೇ ಒಬ್ಬಳನ್ನು ಹಿಡಿದು ನಾನು ಸುಳ್ಳು ಬರೆಯಲು ಕಲಿಸಿದ್ದೆ. ಅದರ ಬೆನ್ನಿಗೇ, ಹೇಳಲು ನಾಚಿಕೆ, ಇನ್ನೊಂದು ಭಯವೂ ಹುಟ್ಟಿತು: ನಾನು ಕಲಿಸಿದ್ದನ್ನು ಇವಳು ಚೆನ್ನಾಗಿ ಕಲಿತಿದ್ದರೆ? ಒಳಗೆ ನನ್ನ ರಕ್ತ ಹಿಡಿದು, ಅಳತೆ ಮಾಡುವ ಗೋಜಿಗೇ ಹೋಗದೆ, ಎಷ್ಟಿರಬೇಕೋ ಅಷ್ಟು ಬರೆಯುತ್ತಿದ್ದರೆ? ಆಮೇಲೆ ಇನ್ನೂ ನಾಚಿಕೆಗೇಡಿನ ಯೋಚನೆ: ಹಾಗೆ ಬರೆದರೆ ಒಳ್ಳೆಯದೇ ಅಲ್ಲವೇ?

“ಸರ, ಬರ್ರಿ” ಎಂದು ಸುಜಾತಾ ಕರೆದಳು. ಕೈಯಲ್ಲಿ ರಿಪೋರ್ಟಿತ್ತು.

“ಎಷ್ಟು ಬಂತವ್ವ?”

“ಒಂಬತ್ತು ಪಾಯಿಂಟ್ ನಾಲ್ಕು ರೀ ಸರ.”

ಇದನ್ನು ನಾನು ಪ್ರಬಂಧಕ್ಕಾಗಿ ಕಟ್ಟಿದೆ ಎಂದು ನಿಮಗೆ ಅನಿಸಿದರೆ ತಪ್ಪಿಲ್ಲ. ಅಂಕಿಗಳ ವಿಷಯದಲ್ಲಿ ನನ್ನನ್ನು ನಂಬಬೇಡಿ ಎಂದೇ ಇಷ್ಟು ಹೊತ್ತು ಹೇಳಿದ್ದು. ಆದರೆ ಆ ರಿಪೋರ್ಟು ಈಗಲೂ ನಮ್ಮ ಮನೆಯಲ್ಲಿದೆ, ಬಂದು ನೋಡಬಹುದು. ನನ್ನ ಬಾಯಿಂದ, ಯೋಚನೆಗೂ ಮೊದಲು, ಮೂವತ್ತು ವರ್ಷದ ಅಭ್ಯಾಸ ಹೊರಬಿತ್ತು: “ಮತ್ತೆ ಮಾಡು.”

“ಮಾಡೀನ್ರಿ ಸರ. ಎರಡು ಸಲ. ಅಷ್ಟೇ ಬಂತು.” ಆಮೇಲೆ ಮುಖದಲ್ಲಿ ನಗೆ ಇಲ್ಲದೆ ಕೇಳಿದಳು: “ಎಷ್ಟು ಬರಬೇಕಾಗಿತ್ರಿ ಸರ? ಹೇಳ್ರಿ, ಹೊಸಾ ಹಾಳ್ಯಾಗ ಬರದು ಕೊಡ್ತೀನಿ.”

ತಲೆ ತಗ್ಗಿಸಿದೆ. ಆಗ ಅವಳೇ ನಕ್ಕು, “ಚ್ಯಾಷ್ಟಿ ಮಾಡಿದೆ ರೀ ಸರ. ಇಲ್ಲಿ ಹಂಗ ಬರಿಯಾಂಗಿಲ್ಲ. ಹಂಗ ಒಂದು ವರ್ಷ ಬರದೀನಿ, ಸಾಕಾಗ್ಯಾದ” ಎಂದಳು. ನಾನು ರಸೀದಿ ತಿರುಗಿಸಿ ಲೆಕ್ಕ ತೋರಿಸಿದೆ. “ನಿಂದು ಬರಾಬರ್ ಇತ್ತವ್ವ. ತಪ್ಪು ನಂದು” ಎಂದೆ. ಅವಳು ಲೆಕ್ಕವನ್ನು ಸಾಲು ಸಾಲಾಗಿ ಓದಿದಳು, ನಾನು ಅವಳದನ್ನು ಎಂದೂ ಓದಿರದ ರೀತಿಯಲ್ಲಿ. “ನನಗ ಗೊತ್ತಿತ್ರಿ ಸರ. ಆ ಹಳೀ ಹಾಳಿ ಹರೀಲಿಲ್ಲ ನಾನು. ನಿಮ್ಮ ‘ಗುಡ್’ ಇದ್ದ ಹಾಳಿಗಿ ಪಿನ್ ಹಚ್ಚಿ ಇಟ್ಟೀನಿ. ಎರಡೂ ಅದಾವ ಮನ್ಯಾಗ” ಎಂದಳು. ಕ್ಷಮಿಸಿದೆ ಎಂದು ಹೇಳಲಿಲ್ಲ, ಕ್ಷಮಿಸಿಲ್ಲ ಎಂದೂ ಹೇಳಲಿಲ್ಲ. ಹೊರಗೆ ಇನ್ನೂ ಆರು ಮಂದಿ ತೋಳು ಮಡಚಿಕೊಂಡು ಕಾಯುತ್ತಿದ್ದರು. “ಕೆಂಪು ಬಾಳಿಹಣ್ಣು ಸ್ವಲ್ಪ ಕಮ್ಮಿ ಮಾಡ್ರಿ ಸರ” ಎಂದು ಹೇಳಿ ಮುಂದಿನವರನ್ನು ಕರೆದಳು. ಬಸ್ ಸ್ಟ್ಯಾಂಡಿನಲ್ಲಿ ನಾನು ಹಣ್ಣು ತಿನ್ನುತ್ತಿದ್ದುದನ್ನು ಅವತ್ತು ಅವಳು ನೋಡಿದ್ದಳು ಎಂಬುದು ನನಗೆ ಅರ್ಥವಾದದ್ದು ಆಟೋದಲ್ಲಿ ಕೂತ ಮೇಲೆ.

ದಾರಿಯುದ್ದಕ್ಕೂ ನಿಶ್ಚಯ ಮಾಡಿಕೊಂಡೆ. ಡೈರಿಯ ಸುಳ್ಳುಗಳಿಗೆಲ್ಲ ಗೀಟು ಹೊಡೆಯಬೇಕು. ಇನ್ನು ಮೇಲೆ ಯಂತ್ರ ತೋರಿಸಿದ್ದನ್ನು ಮಾತ್ರ ಬರೆಯಬೇಕು, ಇಲ್ಲದ ಅಂಕಿಯನ್ನು ಒಂದೂ ಸೇರಿಸಬಾರದು. ಉಳಿದ ಆಯುಷ್ಯವನ್ನಾದರೂ ಗೌಂಡಿ ಶರಣಪ್ಪನ ಮಾತಿನಂತೆ ಕಳೆಯಬೇಕು. ಹೀಗೆ ಶುದ್ಧನಾಗಿ ಮನೆಯ ಗೇಟು ತೆರೆದೆ. ಕಲಾವತಿ ಅಂಗಳದಲ್ಲಿ ಹಸನು ಮಾಡಿದ ಜೋಳವನ್ನು ಡಬ್ಬಿಗೆ ತುಂಬುತ್ತಿದ್ದಳು.

“ಎಷ್ಟು ಬಂತ್ರೀ?”

“ಒಂಬತ್ತು” ಎಂದೆ. “ಸುಮಾರು ಒಂಬತ್ತು.”

ಅವಳು ಕೈ ಒರೆಸಿಕೊಂಡು ರಿಪೋರ್ಟು ತೆಗೆದುಕೊಂಡಳು. ಕನ್ನಡಕ ಏರಿಸಿ, ತೋರುಬೆರಳನ್ನು ಅಂಕಿಯ ಕೆಳಗೆ ಇಟ್ಟು ಓದಿದಳು. ಆಮೇಲೆ ನನ್ನ ಮುಖ ನೋಡಿದಳು.

“ನಾಲ್ಕು ಎಲ್ಲಿ ಹೋತು?”